ಪಿನ್ನು ಕೂತರೆ ಸಾಕೇ?



ನಮ್ಮ ಊರಿಗೂ ಈಗ ಕರೆಂಟಿನ ಬೈಕು, ಸ್ಕೂಟರ್‌ಗಳು ಬಂದಿವೆ. ಪೆಟ್ರೋಲು ಬೇಡ, ಹೊಗೆ ಇಲ್ಲ, ಸದ್ದಿಲ್ಲ. ಇದು ಸಂತೋಷದ ವಿಷಯವೇ. ಆದರೆ ನಾವು ಅವುಗಳನ್ನು ನೋಡಿಕೊಳ್ಳುವ ರೀತಿ ಮಾತ್ರ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಏನಾದರೂ ಕೆಟ್ಟರೆ ಅಂಗಡಿಗೆ ಹೋಗಿ ಎರಡೇ ಪ್ರಶ್ನೆ ಕೇಳುತ್ತೇವೆ. ‘ಎಷ್ಟು ರೇಟು?’ ಮತ್ತು ‘ಪಿನ್ನು ಕೂರುತ್ತಾ?’ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ‘ಇದರ ಮೇಲೆ ಏನು ಬರೆದಿದೆ?’ ಎಂಬುದೇ ಆ ಪ್ರಶ್ನೆ.

ಹೋದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮ ಚಿಕ್ಕಪ್ಪ ತಮ್ಮ ಸೈಕಲ್ಲಿಗೆ ಮೋಟಾರು ಮತ್ತು ಲಿಥಿಯಂ ಬ್ಯಾಟರಿ ಹಾಕಿಸಿದ್ದರು. ಒಂದು ದಿನ ಅವರ ಚಾರ್ಜರ್ ಬಿದ್ದು ಒಡೆಯಿತು. ನಮ್ಮ ಮನೆಯ ಸ್ಕೂಟರ್ ಚಾರ್ಜರ್ ತೆಗೆದುಕೊಂಡು ಹೋದರು. ನಮ್ಮದು ಹಳೇ ಕಾಲದ ಸೀಸದ ಬ್ಯಾಟರಿ, ಅಂದರೆ ಟ್ರ್ಯಾಕ್ಟರಿನಲ್ಲಿ ಇರುತ್ತದಲ್ಲ, ಆ ಜಾತಿ. ಪಿನ್ನು ಚೆನ್ನಾಗಿ ಕೂತಿತು. ಕೊಟ್ಟಿಗೆಯಲ್ಲಿ ಒಣಹುಲ್ಲಿನ ಪಕ್ಕದಲ್ಲೇ ಚಾರ್ಜಿಗೆ ಹಾಕಿದರು. ನಾನು ಸುಮ್ಮನೆ ಎರಡರ ಮೇಲಿನ ಚೀಟಿ ಓದಿದೆ. ಚಾರ್ಜರ್ ಮೇಲೆ 59 ವೋಲ್ಟ್ ಎಂದಿತ್ತು. ಬ್ಯಾಟರಿ ಮೇಲೆ 54.6 ವೋಲ್ಟ್ ಎಂದಿತ್ತು.

‘ತಡಿ ಚಿಕ್ಕಪ್ಪ, ಇದು ಅದಕ್ಕೆ ಆಗಲ್ಲ’ ಅಂದೆ.

‘ಏ ಬುಡ್ಲಾ, ಎರಡೂ ನಲವತ್ತೆಂಟು ವೋಲ್ಟೇ ಅಲ್ವಾ? ಅಂಗಡಿಯೋನು ಹಂಗೇ ಅಂದಿದ್ದ’ ಅಂದರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಎರಡನ್ನೂ 48 ವೋಲ್ಟ್ ಎಂದೇ ಮಾರುತ್ತಾರೆ. ತೊಂದರೆ ಇರುವುದೇ ಅಲ್ಲಿ. ಸೀಸದ ಬ್ಯಾಟರಿ ಒಂದಕ್ಕೆ 12 ವೋಲ್ಟ್. ನಾಲ್ಕು ಸೇರಿದರೆ 48. ಆದರೆ ತುಂಬುವಾಗ ಒಂದೊಂದೂ ಹದಿನಾಲ್ಕೂಮುಕ್ಕಾಲು ವೋಲ್ಟಿನ ಹತ್ತಿರ ಹೋಗುತ್ತದೆ, ಒಟ್ಟು 59. ಚಿಕ್ಕಪ್ಪನ ಲಿಥಿಯಂ ಬ್ಯಾಟರಿಯಲ್ಲಿ 3.7 ವೋಲ್ಟಿನ ಸೆಲ್ಲುಗಳನ್ನು 13 ಸಾಲು ಜೋಡಿಸಿರುತ್ತಾರೆ. ಗುಣಿಸಿದರೆ 48 ಬರುತ್ತದೆ. ಅದರ ಒಂದು ಸೆಲ್ಲು 4.2 ವೋಲ್ಟಿಗೆ ತುಂಬಿತು ಅಂದರೆ ಮುಗಿಯಿತು. 13 ರಿಂದ ಗುಣಿಸಿದರೆ 54.6. ಅದಕ್ಕಿಂತ ಮೇಲೆ ತುಂಬಬಾರದು. ಇನ್ನೊಂದು ಜಾತಿಯ ಲಿಥಿಯಂ ಇದೆ, ಕಬ್ಬಿಣ ಮತ್ತು ಫಾಸ್ಫೇಟ್ ಸೇರಿದ್ದು. ಅದರಲ್ಲಿ 16 ಸೆಲ್ಲು ಇದ್ದರೆ 58.4 ವೋಲ್ಟಿಗೆ ತುಂಬುತ್ತದೆ. ಅದನ್ನೂ ಎಷ್ಟೋ ಕಡೆ 48 ಎಂದೇ ಕರೆಯುತ್ತಾರೆ. ಹೆಸರು ಒಂದೇ, ಹೊಟ್ಟೆ ಮೂರು ಬೇರೆ ಬೇರೆ!

ಲಿಥಿಯಂ ಬ್ಯಾಟರಿ ಒಳಗೆ ಕಾವಲಿಗೆ ಒಂದು ಸರ್ಕ್ಯೂಟು ಇರುತ್ತದೆ. ಜಾಸ್ತಿ ಆದರೆ ಅದು ತಡೆಯಬೇಕು. ಆದರೆ ಆ ಕಾವಲುಗಾರನೂ ಅಗ್ಗದವನಾಗಿದ್ದು ನಿದ್ದೆ ಮಾಡಿದರೆ? ಸೆಲ್ಲು ಕಾದು, ಉಬ್ಬಿ, ಬೆಂಕಿಯೇ ಹತ್ತಬಹುದು. ಪಕ್ಕದಲ್ಲಿ ಒಣಹುಲ್ಲು, ಎರಡು ಹಸು, ಒಂದು ಕರು. ಚಿಕ್ಕಪ್ಪ ಲೆಕ್ಕ ಕೇಳಿ ಆಮೇಲೆ ತಾವೇ ಪಿನ್ನು ಕಿತ್ತರು.

2022ರಲ್ಲಿ ನಮ್ಮ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅದಾದ ಮೇಲೆ ಸರ್ಕಾರವು ಬ್ಯಾಟರಿಗಳ ಸುರಕ್ಷತೆಗೆ ಇರುವ ಎ.ಐ.ಎಸ್. 156 ಎಂಬ ನಿಯಮವನ್ನು ಬಿಗಿ ಮಾಡಿತು. 2022ರ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ. ಒಳ್ಳೆಯದಾಯಿತು. ಆದರೆ ಆ ನಿಯಮ ಗಾಡಿ ತಯಾರಿಸುವವರಿಗೆ. ನಾವು ಕೊಟ್ಟಿಗೆಯಲ್ಲಿ ಚುಚ್ಚುವ ಬೇರೆಯವರ ಚಾರ್ಜರನ್ನು ಯಾವ ನಿಯಮ ಬಂದು ತಡೆಯುತ್ತದೆ? ನಾವೇ ತಡೆಯಬೇಕು.

ಇನ್ನು ನಮ್ಮ ಮನೆಯದೇ ತಪ್ಪು ಹೇಳುತ್ತೇನೆ. ನಮ್ಮ ಸ್ಕೂಟರಿನಲ್ಲಿ ಅಕ್ಕ ಹೋಬಳಿಯ ಕಾಲೇಜಿಗೆ ಹೋಗುತ್ತಾಳೆ. ನಾಲ್ಕು ಬ್ಯಾಟರಿಗಳಲ್ಲಿ ಒಂದು ಸತ್ತಿತು. ಪೇಟೆಯ ಒಂದು ಅಂಗಡಿಯವರು ‘ಒಂದೇ ಬದಲಾಯಿಸಿ ಸಾಕು, ನಾಲ್ಕು ಯಾಕೆ?’ ಅಂದರು. ಅಪ್ಪನಿಗೆ ದುಡ್ಡು ಉಳಿಯಿತು ಎಂದು ಖುಷಿ. ಮೂರು ತಿಂಗಳು ಕಳೆಯುವುದರೊಳಗೆ ನಾಲ್ಕೂ ಕೈಕೊಟ್ಟವು. ಅಕ್ಕ ಎಂಟು ದಿನ ಕಾಲೇಜು ತಪ್ಪಿಸಿಕೊಂಡಳು.

ಇದಕ್ಕೆ ಕಾರಣ ನಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಸರಣಿ ಜೋಡಣೆಯಲ್ಲಿ ಎಲ್ಲದರಲ್ಲೂ ಒಂದೇ ಪ್ರಮಾಣದ ವಿದ್ಯುತ್ ಪ್ರವಾಹ ಹರಿಯುತ್ತದೆ ಎಂದು ಓದಿದ್ದೇವೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೇವೆ. ಆದರೆ ಸ್ಕೂಟರಿಗೆ ಅದನ್ನು ಹಚ್ಚಿ ನೋಡಲಿಲ್ಲ. ಹಳೆಯ ಮೂರು ಬೇಗ ಖಾಲಿಯಾಗುತ್ತವೆ, ಹೊಸದರಲ್ಲಿ ಇನ್ನೂ ಶಕ್ತಿ ಇರುತ್ತದೆ. ಗಾಡಿ ಓಡುತ್ತಲೇ ಇದ್ದರೆ ಖಾಲಿಯಾದವು ಇನ್ನಷ್ಟು ಹಾಳಾಗುತ್ತವೆ. ಚಾರ್ಜ್ ಮಾಡುವಾಗ ಹಳೆಯವು ಬೇಗ ತುಂಬಿದ ಹಾಗೆ ತೋರಿಸುತ್ತವೆ, ಚಾರ್ಜರ್ ನಿಂತುಬಿಡುತ್ತದೆ. ಹೊಸದು ಅರ್ಧ ಹೊಟ್ಟೆಯಲ್ಲೇ ಉಳಿದು ಅದೂ ಕೆಡುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇದಕ್ಕೇ ಮಾಡಿದ ಹಾಗಿದೆ. ಆದ್ದರಿಂದ ಹಳೆಯವು ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ, ಒಂದೇ ಜಾತಿಯ, ಒಂದೇ ಆಂಪಿಯರ್-ಅವರ್ ಇರುವವನ್ನೇ ಹಾಕಬೇಕು.

‘ಹಂಗಾದ್ರೆ ಎಲ್ಲಾನೂ ದುಬಾರಿದೇ ತರ್ಬೇಕಾ? ದುಡ್ಡು ಮರದಲ್ಲಿ ಬಿಡುತ್ತಾ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ದುಬಾರಿ ತರಬೇಕು ಎಂದು ನಾನು ಹೇಳುವುದಿಲ್ಲ. ಕನ್ನಡಿ, ಸೀಟಿನ ಕವರು, ಮಡ್‌ಗಾರ್ಡ್, ಸ್ಟ್ಯಾಂಡು, ಹಾರನ್ನು ಇವನ್ನೆಲ್ಲಾ ಗುಜರಿಯಿಂದ ತಂದರೂ ಏನೂ ಆಗುವುದಿಲ್ಲ. ಆದರೆ ನಾಲ್ಕು ವಸ್ತುಗಳಲ್ಲಿ ಉಳಿತಾಯ ಮಾಡಬಾರದು.

ಒಂದು, ಬ್ಯಾಟರಿ. ಎರಡು, ಚಾರ್ಜರ್. ಇವೆರಡರ ವಿಷಯ ಮೇಲೆ ಹೇಳಿದೆ. ಒಂದು ಮಾತು ಸೇರಿಸುತ್ತೇನೆ. ಕಂಟ್ರೋಲರ್ 25 ಆಂಪಿಯರ್ ಎಳೆಯುವಂತಿದ್ದು, ಬ್ಯಾಟರಿ 15 ಆಂಪಿಯರ್ ಮಾತ್ರ ಕೊಡುವಂತಿದ್ದರೆ ಏರು ಹತ್ತುವಾಗ ಗಾಡಿ ನಡುವೆಯೇ ನಿಲ್ಲುತ್ತದೆ. ವೋಲ್ಟ್ ಒಂದನ್ನೇ ನೋಡಿದರೆ ಸಾಲದು, ಆಂಪಿಯರನ್ನೂ ನೋಡಬೇಕು.

ಮೂರು, ಬ್ರೇಕು. ಬಹಳ ಗಾಡಿಗಳಲ್ಲಿ ಬ್ರೇಕ್ ಲಿವರಿನಿಂದ ಒಂದು ಸಣ್ಣ ವೈರು ಹೋಗಿರುತ್ತದೆ. ಬ್ರೇಕು ಹಿಡಿದ ಕೂಡಲೇ ಅದು ಮೋಟಾರನ್ನು ನಿಲ್ಲಿಸುತ್ತದೆ. ಲಿವರ್ ಮುರಿದಾಗ ಮಾಮೂಲಿ ಸೈಕಲ್ ಲಿವರ್ ಹಾಕಿದರೆ ಬ್ರೇಕು ಒಂದು ಕಡೆ ಹಿಡಿಯುತ್ತದೆ, ಕೈ ಎಕ್ಸಲೇಟರ್ ಮೇಲೇ ಉಳಿದಿದ್ದರೆ ಮೋಟಾರು ಇನ್ನೊಂದು ಕಡೆ ಎಳೆಯುತ್ತದೆ. ಎಮ್ಮೆ ಅಡ್ಡ ಬಂದರೆ ಏನು ಗತಿ?

ನಾಲ್ಕು, ಫ್ಯೂಸು. ಫ್ಯೂಸ್ ಹೋದರೆ ತಾಮ್ರದ ತಂತಿ ಸುತ್ತುವುದು ನಮ್ಮೂರಿನ ಕಸುಬು. ಮೀಟರ್ ಬೋರ್ಡಿನಲ್ಲೂ ಅದೇ, ಗಾಡಿಯಲ್ಲೂ ಅದೇ. ಫ್ಯೂಸ್ ಇರುವುದೇ ತಾನು ಸುಟ್ಟು ಉಳಿದದ್ದನ್ನು ಉಳಿಸುವುದಕ್ಕೆ. ದಪ್ಪ ತಂತಿ ಸುತ್ತಿದರೆ ಅದು ಸುಡುವುದಿಲ್ಲ, ಗಾಡಿ ಸುಡುತ್ತದೆ.

ಇನ್ನು ಖರ್ಚೇ ಇಲ್ಲದ ಕೆಲಸಗಳೂ ಇವೆ. ವಾರಕ್ಕೊಮ್ಮೆ ಗಾಳಿ ನೋಡುವುದು. ಗಾಳಿ ಕಡಿಮೆ ಇದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ. ಮೋಟಾರು ಇರುವ ಚಕ್ರದ ನಟ್ಟು ಬಿಗಿ ಇದೆಯೇ ಎಂದು ನೋಡುವುದು. ಅದು ಸಡಿಲವಾದರೆ ಆಕ್ಸಲ್ ತಿರುಗಿ ವೈರನ್ನೇ ಹಿಂಡಿಬಿಡುತ್ತದೆ. ಎತ್ತು ತೊಳೆದ ಹಾಗೆ ಗಾಡಿಯನ್ನು ಕೆರೆಗೆ ಇಳಿಸಬಾರದು, ಪಂಪ್‌ಸೆಟ್ಟಿನ ನೀರು ಬಿಡಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ದೂರದಿಂದ ಬಂದ ತಕ್ಷಣ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಬೇಕು.

ಚಾರ್ಜ್ ಮಾಡುವ ಪದ್ಧತಿಯೂ ಎರಡಕ್ಕೂ ಒಂದೇ ಅಲ್ಲ. ಸೀಸದ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಅದನ್ನು ಓಡಿಸಿದ ದಿನವೇ ತುಂಬಿಸಿಡಬೇಕು. ಲಿಥಿಯಂ ಬ್ಯಾಟರಿಯನ್ನು ಬಹಳ ದಿನ ಓಡಿಸದೆ ಇಡುವುದಾದರೆ ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿಯೂ ಬಿಡಬಾರದು. ಅರ್ಧದಷ್ಟು ಇದ್ದರೆ ಒಳ್ಳೆಯದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ‘ಕರೆಂಟು ಪುಕ್ಕಟೆ ಅಲ್ವಾ, ಇರ್ಲಿ ಬುಡು’ ಎಂದು ರಾತ್ರಿಯೆಲ್ಲಾ ಪಿನ್ನು ಕೀಳದೆ ಮಲಗುವವರನ್ನು ನೋಡಿದ್ದೇನೆ. ಕರೆಂಟು ಪುಕ್ಕಟೆ ಇರಬಹುದು, ಬ್ಯಾಟರಿ ಪುಕ್ಕಟೆ ಅಲ್ಲ. ಪ್ರಾಣವಂತೂ ಅಲ್ಲವೇ ಅಲ್ಲ. ಮಲಗುವ ಕೋಣೆ, ಬಾಗಿಲ ಎದುರು, ಹುಲ್ಲಿನ ಪಕ್ಕ ಇವುಗಳಲ್ಲಿ ಚಾರ್ಜಿಗೆ ಹಾಕಬಾರದು. ಎಚ್ಚರ ಇರುವಾಗ ಹಾಕಿ, ಮಲಗುವ ಮುಂಚೆ ತೆಗೆಯಬೇಕು.

ಹಳೇ ಸೀಸದ ಬ್ಯಾಟರಿಯನ್ನು ಒಡೆದು ಬಲೆಗೆ ಗುಂಡು ಮಾಡುವ ಮಿತ್ರರಿಗೂ ಒಂದು ವಿನಂತಿ. ಸೀಸ ವಿಷ, ಒಳಗಿನ ಆಮ್ಲ ಚರ್ಮ ಸುಡುತ್ತದೆ. ಬ್ಯಾಟರಿ ಅಂಗಡಿಗೆ ವಾಪಸ್ ಕೊಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತಾರೆ.

ಕೊನೆಯದಾಗಿ ನನ್ನ ಸಲಹೆ. ನಮ್ಮ ಅಪ್ಪ, ಚಿಕ್ಕಪ್ಪಂದಿರಿಗೆ ಆ ಚೀಟಿಯ ಸಣ್ಣ ಇಂಗ್ಲಿಷ್ ಅಕ್ಷರ ಓದಲು ಕಷ್ಟ. ನಮಗೆ ಓದಲು ಬರುತ್ತದೆ. ಅಂಗಡಿಗೆ ಅವರು ಹೋಗುವಾಗ ನಾವೂ ಜೊತೆಗೆ ಹೋಗೋಣ. ಹಳೆಯದರ ಮೇಲಿನ ವೋಲ್ಟ್, ಆಂಪಿಯರ್, ಬ್ಯಾಟರಿಯ ಜಾತಿ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ ಹೊಸದರ ಜೊತೆ ತಾಳೆ ನೋಡೋಣ. ವಿಜ್ಞಾನದ ಗುರುಗಳಲ್ಲಿಯೂ ಒಂದು ಪ್ರಾರ್ಥನೆ. ವಿದ್ಯುಚ್ಛಕ್ತಿ ಪಾಠ ಮಾಡುವ ದಿನ ಒಂದು ಚಾರ್ಜರು, ಒಂದು ಹಳೇ ಬ್ಯಾಟರಿಯನ್ನು ತರಗತಿಗೆ ತರಿಸಿ, ಆ ಚೀಟಿಯನ್ನು ನಮ್ಮಿಂದಲೇ ಓದಿಸಬೇಕು. ಅವತ್ತು ಕಲಿತದ್ದು ಪರೀಕ್ಷೆ ಮುಗಿದ ಮೇಲೂ ನೆನಪಿರುತ್ತದೆ.

ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು. ಆದರೆ ಈ ಪತ್ರಿಕೆ ಓದಿದವರು ಇವತ್ತು ಸಾಯಂಕಾಲ ಮನೆಗೆ ಹೋದ ತಕ್ಷಣ ತಮ್ಮ ಚಾರ್ಜರನ್ನು ಒಮ್ಮೆ ತಿರುಗಿಸಿ ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮವನೇ ಆದ,
ಹತ್ತನೇ ತರಗತಿಯ ವಿದ್ಯಾರ್ಥಿ