ಸಂಗಾತಿ ಎಂದರು, ಹೆಂಡತಿ ಎನ್ನಲಿಲ್ಲ

ಗುರುಗುಂಟಾದಲ್ಲಿ ಬಸ್ಸು ಹತ್ತಿ, ತಿಂಥಣಿಯ ಬಳಿ ಕೃಷ್ಣೆಯ ಸೇತುವೆ ದಾಟಿದರೆ ಸುರಪುರ. ಅಲ್ಲಿಯ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ನಮ್ಮ ಕಡೆ ಟೇಲರ್ ಸಾಹೇಬನ ಹೆಸರು ಕೇಳದವರು ಕಡಿಮೆ. ನಿಜಾಮನ ಸೈನ್ಯದಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ಬಾಲಕ ವೆಂಕಟಪ್ಪನಾಯಕನನ್ನು ಕೈಹಿಡಿದು ಬೆಳೆಸಿದವನು. ಠಗ್ಗರ ಕಥೆ ಬರೆದು ಲಂಡನ್ನಿನಲ್ಲಿ ಹೆಸರು ಮಾಡಿದವನು. ಚಾಂದಬೀಬಿಯನ್ನು ಕುರಿತು ಕಾದಂಬರಿ ಬರೆದವನೂ ಅವನೇ. ಅವನ ಆತ್ಮಕಥೆ ಪ್ರಕಟವಾದದ್ದು 1877ರಲ್ಲಿ, ಅವನು ಸತ್ತ ಮರುವರ್ಷ. ಅಂದಿನಿಂದ ಸುರಪುರದ ಇತಿಹಾಸ ಬರೆಯುವವರಿಗೆಲ್ಲ ಆ ಪುಸ್ತಕವೇ ಆಧಾರ.

ಆ ಪುಸ್ತಕವನ್ನು ಸಂಪಾದಿಸಿದವಳು ಟೇಲರನ ಮಗಳು ಆಲಿಸ್. ಆಲಿಸಳ ತಾಯಿ ಮೇರಿ ಪಾಮರ್. ಮೇರಿಯ ತಂದೆ ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರ್. ಆ ವಿಲಿಯಮನನ್ನು ಹೆತ್ತವಳು ಫೈಝ್ ಬಕ್ಷ್ ಎಂಬ ಮುಸ್ಲಿಮ್ ಮಹಿಳೆ. ಅಂದರೆ ನಮ್ಮ ನಾಡಿನ ಚರಿತ್ರೆಗೆ ಆಕರವೆಂದು ನಾವು ಎತ್ತಿಕೊಳ್ಳುವ ಪುಸ್ತಕ ಒಬ್ಬ ಮುಸ್ಲಿಮ್ ಬೇಗಮಳ ಮರಿಮೊಮ್ಮಗಳ ಕೈಯಿಂದ ಹೊರಬಂದದ್ದು. ಟೇಲರ್ ಮಂಜಿಲ್ ನೋಡಿ ಬಂದವರಲ್ಲಿ ಎಷ್ಟು ಜನಕ್ಕೆ ಈ ಮಾತು ಗೊತ್ತು? ಗೊತ್ತಿಲ್ಲದಿರುವುದು ಆಕಸ್ಮಿಕವೂ ಅಲ್ಲ. ಗಂಡಸರ ಹೆಸರನ್ನು ಹಿಡಿದು ಇತಿಹಾಸಕ್ಕೆ ಇಳಿಯುವುದು ನಮಗೆ ರೂಢಿ. ಆ ದಾರಿಯಲ್ಲಿ ಹೆಂಗಸರು ಸಿಗುವುದಿಲ್ಲ. ಅವರು ಸಿಗುವುದು ಉಯಿಲಿನಲ್ಲಿ, ಖರ್ಚಿನ ಲೆಕ್ಕದಲ್ಲಿ, ಗೋರಿಕಲ್ಲಿನಲ್ಲಿ.

ಫೈಝ್ ಬಕ್ಷ್ ಬೇಗಮಳ ಗಂಡ ಜನರಲ್ ವಿಲಿಯಂ ಪಾಮರ್ ಕಂಪೆನಿ ಸರಕಾರದ ದೊಡ್ಡ ಅಧಿಕಾರಿ. ಲಖನೌದಲ್ಲಿ, ಸಿಂಧಿಯಾ ದರ್ಬಾರಿನಲ್ಲಿ, ಕೊನೆಗೆ ಪುಣೆಯಲ್ಲಿ ರೆಸಿಡೆಂಟ್ ಆಗಿದ್ದವನು. ಸುಮಾರು 1780ರಿಂದ ಅವರಿಬ್ಬರದೂ ಒಂದೇ ಸಂಸಾರ. 1786ರ ಸುಮಾರಿಗೆ ಬರೆಸಿದ ಅವರ ಕುಟುಂಬದ ಚಿತ್ರವೊಂದು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪೂರ್ತಿಯಾಗದೆ ಉಳಿದ ಆ ಚಿತ್ರದಲ್ಲಿ ಗಂಡ, ಹೆಂಡತಿ, ಮಕ್ಕಳು ಒಂದೇ ಮನೆಯವರಂತೆ ಒಟ್ಟಾಗಿ ಕುಳಿತಿದ್ದಾರೆ. ಬಾದಶಹ ಶಾಹ್ ಆಲಂ ಆಕೆಗೆ ‘ಸಾಹಿಬ್ ಬೇಗಂ’ ಎಂಬ ಬಿರುದು ಕೊಟ್ಟ. ದಿಲ್ಲಿ ದರ್ಬಾರು ಮನ್ನಿಸಿದ ಹೆಣ್ಣು ಆಕೆ.

1816ರಲ್ಲಿ ಪಾಮರ್ ತೀರಿಕೊಂಡ. ಅವನ ಉಯಿಲಿನಲ್ಲಿ ಆಕೆಯ ಹೆಸರಿದೆ, ಬಿರುದೂ ಇದೆ. ಮೂವತ್ತೈದಕ್ಕೂ ಮಿಕ್ಕಿದ ವರ್ಷಗಳ ತನ್ನ ಪ್ರೀತಿಯ ಸ್ನೇಹಿತೆ, ಸಂಗಾತಿ ಎಂದು ಆತ ಆಕೆಯನ್ನು ಕರೆದಿದ್ದಾನೆ. ಹೆಂಡತಿ ಎಂಬ ಒಂದು ಪದ ಮಾತ್ರ ಇಲ್ಲ. ಅದಕ್ಕೂ ಮುಂಚೆ, 1761ರಲ್ಲಿ, ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಆತ ಸಾರಾ ಹೇಝೆಲ್ ಎಂಬವಳನ್ನು ಮದುವೆಯಾಗಿದ್ದ. ಇಂಗ್ಲಿಷ್ ಕಾನೂನಿನ ಕಣ್ಣಿಗೆ ಹೆಂಡತಿ ಅಂದರೆ ಅವಳೊಬ್ಬಳೇ. ಮೂವತ್ತೈದು ವರ್ಷ ಸಂಸಾರ ಮಾಡಿ, ಮಕ್ಕಳನ್ನು ಹೆತ್ತು, ಊರೂರು ಅವನೊಂದಿಗೆ ಸುತ್ತಿದವಳು ಕಾನೂನಿನ ಪಾಲಿಗೆ ಹೊರಗಿನವಳು. ಅವಳಿಗೆ ಏನಾದರೂ ಸಿಕ್ಕಿದ್ದರೆ ಅದು ಅವನ ಮನಸ್ಸಿನ ಒಳ್ಳೆಯತನದಿಂದ ಮಾತ್ರ.

ಉಯಿಲು ಎಂಬ ಕಾಗದವನ್ನು ನಾವು ಅರ್ಥ ಮಾಡಿಕೊಳ್ಳಬೇಕಾದದ್ದು ಇಲ್ಲಿ. ಹಕ್ಕು ಇದ್ದವಳಿಗೆ ಉಯಿಲು ಬೇಕಿಲ್ಲ. ಹಕ್ಕು ಇಲ್ಲದವಳು ಮಾತ್ರ ಉಯಿಲಿನ ಕಡೆ ಕಣ್ಣುನೆಟ್ಟು ಕೂರಬೇಕು. ಸತ್ತವನು ಬರೆದಿದ್ದರೆ ಉಂಟು, ಬರೆಯದಿದ್ದರೆ ಇಲ್ಲ. ಇನ್ನು ಬರೆದದ್ದೂ ಅವನು ಆರಿಸಿದ ಪದದಲ್ಲೇ ಇರುತ್ತದೆ.

ಇದೊಂದೇ ಉಯಿಲಲ್ಲ. ಹೈದರಾಬಾದಿನಲ್ಲಿ ರೆಸಿಡೆಂಟ್ ಆಗಿದ್ದ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾ ಬೇಗಮಳ ಕಥೆ ಈಗ ಲೋಕಪ್ರಸಿದ್ಧ. ವಿಲಿಯಂ ಡಾಲ್ರಿಂಪಲ್ 2002ರಲ್ಲಿ ಬರೆದ ‘ವೈಟ್ ಮುಘಲ್ಸ್’ ಓದಿ ಕಣ್ಣೀರಿಟ್ಟವರು ಬಹಳ. 1805ರಲ್ಲಿ ಅವರ ಇಬ್ಬರು ಪುಟ್ಟ ಮಕ್ಕಳನ್ನು ಇಂಗ್ಲೆಂಡಿಗೆ ಹಡಗು ಹತ್ತಿಸಲಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಿರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ಸತ್ತ. ಬೇಗಮಳಿಗೆ ಜಾಗೀರೂ ಒಡವೆಯೂ ಸಾಕಷ್ಟಿರುವುದರಿಂದ ಅವಳಿಗಾಗಿ ವಿಶೇಷ ಏರ್ಪಾಡು ಬೇಕಿಲ್ಲವೆಂದು ಅವನ ಉಯಿಲು ಹೇಳುತ್ತದೆ. ಮಕ್ಕಳು ಲಂಡನ್ನಿನಲ್ಲಿ ಕ್ರೈಸ್ತರಾದರು, ಹೆಸರು ಬದಲಾಯಿತು. ತಾಯಿ ಅವರ ಮುಖವನ್ನು ಮತ್ತೆ ನೋಡಲಿಲ್ಲ. 1813ರಲ್ಲಿ ಆಕೆ ತೀರಿಕೊಂಡಳು. ಮಗಳು ಕಿಟ್ಟಿ ಬೆಳೆದು ಮದುವೆಯಾದ ಮೇಲೆ, 1840ರ ದಶಕದಲ್ಲಿ, ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ಅಜ್ಜಿ ಶರಫುನ್ನಿಸಾಳಿಗೆ ಪತ್ರ ಬರೆದಳು. ನಡುವೆ ಸುಮಾರು ಮೂವತ್ತೈದು ವರ್ಷಗಳ ಮೌನ. ತಾಯಿಯ ಕಡೆಯ ದಾರ ಇಂಥ ಮನೆಗಳಲ್ಲಿ ಕಡಿದುಹೋಗುತ್ತಿದ್ದುದು ಹೀಗೆ.

ಡಾಲ್ರಿಂಪಲ್ ಕೊಡುವ ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಬಂಗಾಳದಲ್ಲಿದ್ದ ಬಿಳಿಯರ ಉಯಿಲುಗಳನ್ನು ನೋಡಿದರೆ, 1780ರಿಂದ 1785ರ ನಡುವೆ ಮೂರರಲ್ಲಿ ಒಂದರಲ್ಲಿ ಭಾರತೀಯ ಬೀಬಿಯ ಪ್ರಸ್ತಾಪವಿದೆ. 1805ರಿಂದ 1810ರ ನಡುವೆ ಅದು ನಾಲ್ಕರಲ್ಲಿ ಒಂದಕ್ಕೆ ಇಳಿಯಿತು. 1830ಕ್ಕೆ ಆರರಲ್ಲಿ ಒಂದು. ಶತಮಾನದ ನಡುವಿಗೆ ಬೀಬಿಯರು ಹೆಚ್ಚುಕಡಿಮೆ ಮಾಯ. ಹಾಗಾದರೆ ಬಿಳಿಯರು ಒಮ್ಮೆಲೇ ಸನ್ಯಾಸಿಗಳಾಗಿಬಿಟ್ಟರೇ? ಇಲ್ಲ. ಇಂಥ ಸಂಸಾರಗಳು ಕಡಿಮೆಯಾದವು ನಿಜ, ಉಳಿದವು ನಾಚಿಕೆಯ ವಿಷಯವಾದವು. 1791ರಲ್ಲೇ ಕಂಪೆನಿಯು ಭಾರತೀಯ ತಾಯಿಯ ಮಕ್ಕಳಿಗೆ ತನ್ನ ದೊಡ್ಡ ಹುದ್ದೆಗಳ ಬಾಗಿಲು ಮುಚ್ಚಿತ್ತು. ಫೈಝ್ ಬಕ್ಷಳ ಮಗ ವಿಲಿಯಂ ನಿಜಾಮನ ಸೇವೆಗೆ ಬಂದ ಹಿನ್ನೆಲೆಯಲ್ಲಿ ಈ ನಿಯಮವಿದೆ. ತಾಯಿಯ ಹೆಸರು ಮಗನ ಅನ್ನಕ್ಕೆ ಅಡ್ಡಿಯಾಗುವಾಗ ಯಾರು ತಾನೆ ಆ ಹೆಸರನ್ನು ಕಾಗದದ ಮೇಲೆ ಬರೆದಾರು?

ನಮ್ಮವರು ಕೆಲವರು ಇದನ್ನೆಲ್ಲ ಪ್ರೇಮಕಥೆಯಂತೆ, ಸೌಹಾರ್ದದ ಮಾದರಿಯಂತೆ ಓದಿ ಸಂತೋಷಪಡುತ್ತಾರೆ. ಪ್ರೀತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಪ್ರೀತಿ ಹಕ್ಕಾಗಲಿಲ್ಲ ಎಂಬುದನ್ನು ಮರೆಯುವುದು ಬೇಡ. ಫೈಝ್ ಬಕ್ಷ್ ಕೊನೆಗಾಲವನ್ನು ಹೈದರಾಬಾದಿನಲ್ಲಿ ಮಗನ ಆಸರೆಯಲ್ಲಿ ಕಳೆದು 1828ರಲ್ಲಿ ಕಣ್ಣುಮುಚ್ಚಿದಳು. ದೊಡ್ಡವರ ಮನೆಯಲ್ಲಿದ್ದವಳು, ಆದ್ದರಿಂದ ಕಾಗದದಲ್ಲಿ ಉಳಿದಳು. ನಮ್ಮ ಲಿಂಗಸುಗೂರಿನಲ್ಲೇ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ಸೈನ್ಯ ಹೋದದ್ದು ಇಲ್ಲಿಂದಲೇ. ದಂಡಿನ ಬೀದಿಯಲ್ಲಿ ಬಾಳಿದ ಬಡ ಹೆಂಗಸರಿಗೆ ಉಯಿಲು ಬರೆಯುವವರು ಯಾರಿದ್ದರು?

ನದಿಯಾಚೆಯ ರಾಣಿಗೇ ಈ ಗತಿ ತಪ್ಪಲಿಲ್ಲ. ಸುರಪುರದ ಈಶ್ವರಮ್ಮ ಬೇಡರ ಅರಸು ಮನೆತನದ ವಿಧವೆ, ವೆಂಕಟಪ್ಪನ ತಾಯಿ. ಅವಳನ್ನು ಟೇಲರ್ ಸಂಚುಗಾರ್ತಿಯೆಂದು ಬರೆದ. ಅವನು ಅವಳ ಕೈಯಿಂದ ಅಧಿಕಾರ ಬಿಡಿಸಲು ಬಂದವನು. ಪ್ರತಿವಾದಿಯ ಹೇಳಿಕೆಯೊಂದನ್ನೇ ಓದಿ ತೀರ್ಪು ಕೊಡುವ ನ್ಯಾಯಾಧೀಶನನ್ನು ನಾವು ಒಪ್ಪುತ್ತೇವೆಯೇ? ಇತಿಹಾಸದಲ್ಲಿ ಮಾತ್ರ ಒಪ್ಪುತ್ತೇವೆ. ಬೇಗಮಳಾಗಲಿ ಬೇಡರ ರಾಣಿಯಾಗಲಿ, ಲೇಖನಿ ಅವಳ ಕೈಯಲ್ಲಿರಲಿಲ್ಲ.

ಬಿಳಿಯರನ್ನು ಬೈದು ಇಲ್ಲಿಗೆ ಮುಗಿಸಿದರೆ ಲೇಖನ ಸುಲಭವಾಗುತ್ತದೆ. ಆದರೆ ಅದು ಅಪ್ರಾಮಾಣಿಕವಾಗುತ್ತದೆ. ನಮ್ಮ ಮನೆಯ ಪೆಟ್ಟಿಗೆಯನ್ನೂ ತೆರೆಯೋಣ.

ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಶಿಜರಾ ಇದೆ. ಏಳು ತಲೆ, ಹತ್ತು ತಲೆ ಹಿಂದಕ್ಕೆ ಹೋಗುತ್ತದೆ. ಅದರಲ್ಲಿ ಮಗ, ಮಗನ ಮಗ, ಅವನ ಮಗ. ಇವರನ್ನೆಲ್ಲ ಹೆತ್ತವರು ಯಾರು? ಹೆಸರಿಲ್ಲ. ಕೆಲವು ಮನೆಗಳ ಲಗ್ನಪತ್ರಿಕೆಯಲ್ಲಿ ಇಂದಿಗೂ ವರನ ಹೆಸರಿರುತ್ತದೆ, ವಧು ಮಾತ್ರ ಇಂಥವರ ಮಗಳು. ಸತ್ತ ಮೇಲೆ ಗೋರಿಕಲ್ಲಿನ ಮೇಲೆ ಇಂಥವರ ಹೆಂಡತಿ. ಕೇಳಿದರೆ, ಮನೆಯ ಹೆಂಗಸರ ಹೆಸರು ನಾಲ್ಕು ಜನರ ಬಾಯಲ್ಲಿ ಬರಬಾರದು, ಅದು ಪರ್ದಾ ಎನ್ನುತ್ತಾರೆ. ಇದು ಧರ್ಮವಲ್ಲ, ಧರ್ಮದ ಹೆಸರಿನಲ್ಲಿ ಬೆಳೆದ ಗಂಡಸರ ಠೇಂಕಾರ. ಪ್ರವಾದಿಯವರ ಪತ್ನಿಯರ, ಪುತ್ರಿಯರ ಹೆಸರುಗಳನ್ನು ಇಡೀ ಲೋಕವೇ ಹೇಳುತ್ತದೆ. ಹದೀಸುಗಳನ್ನು ವರದಿ ಮಾಡಿದ ಮಹಿಳೆಯರ ಹೆಸರು, ತಂದೆಯ ಹೆಸರು ಸನದಿನಲ್ಲೇ ಇವೆ. ಒಂಬತ್ತನೆಯ ಶತಮಾನದ ಇಬ್ನ್ ಸಅದ್ ತನ್ನ ‘ತಬಕಾತ್’ ಗ್ರಂಥದ ಕೊನೆಯ ಸಂಪುಟವನ್ನು ಮಹಿಳೆಯರ ಚರಿತ್ರೆಗೇ ಮೀಸಲಿಟ್ಟ. ಅವನಿಗಿಲ್ಲದ ಸಂಕೋಚ ನಮಗೆ ಎಲ್ಲಿಂದ ಬಂತು?

ಆಸ್ತಿಯ ಮಾತಿಗೆ ಬರೋಣ. ತಂದೆತಾಯಿ, ಬಂಧುಗಳು ಬಿಟ್ಟುಹೋದದ್ದು ಅಲ್ಪವಿರಲಿ ಅಧಿಕವಿರಲಿ, ಗಂಡಸರಿಗೆ ಪಾಲಿರುವಂತೆ ಹೆಂಗಸರಿಗೂ ಪಾಲಿದೆ ಎಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳಿದ್ದರೆ ವಿಧವೆಗೆ ಎಂಟನೆಯ ಒಂದು, ಇಲ್ಲದಿದ್ದರೆ ನಾಲ್ಕನೆಯ ಒಂದು. ಅವಳು ಯಾರ ಉಯಿಲಿಗೂ ಕಾಯಬೇಕಿಲ್ಲ. ಉಯಿಲು ಬರೆದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಹೊರಗೆ ಕೊಡಲು ವಾರಸುದಾರರ ಒಪ್ಪಿಗೆಯಿಲ್ಲದೆ ಗಂಡನಿಗೂ ಅಧಿಕಾರವಿಲ್ಲ. ಕಂಪೆನಿಯ ಜನರಲ್ ದಯೆಯಿಂದ ಕೊಟ್ಟದ್ದನ್ನು ನಮ್ಮ ಧರ್ಮ ಹಕ್ಕಾಗಿ ಕೊಟ್ಟಿದೆ. ಹಾಗೆಂದು ವೇದಿಕೆಯ ಮೇಲೆ ಎದೆಯುಬ್ಬಿಸಿ ಭಾಷಣ ಮಾಡುತ್ತೇವೆ. ಮನೆಯಲ್ಲಿ ಮಾಡುವುದೇನು? ಅಪ್ಪ ಸತ್ತ ನಲವತ್ತು ದಿನ ಕಳೆಯುವುದರೊಳಗೆ ಅಕ್ಕನ ಮುಂದೆ ಹಕ್ಕು ಬಿಡುಗಡೆ ಪತ್ರ. “ಆಪಾ, ತವರಮನಿ ಬಾಗಿಲ ತೆರದಿರಬೇಕಂದ್ರ ಇಲ್ಲೊಂದು ಸಹಿ ಹಾಕು.” ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ಹೋಗುವಾಗ ಕೈಗೆ ಒಂದು ಸೀರೆ. 1937ರ ಶರೀಅತ್ ಕಾಯ್ದೆ ಬಂದಾಗಲೂ ಕೃಷಿ ಭೂಮಿಯನ್ನು ಅದರಿಂದ ಹೊರಗಿಟ್ಟರು. ಹೊಲದ ಮಾತು ಬಂದಾಗ ಶರೀಅತ್ತಿನ ಮೇಲಿನ ಅಭಿಮಾನ ಎಲ್ಲಿ ಹೋಯಿತು? ಪಾಮರನಾದರೂ ಸಂಗಾತಿ ಎಂದು ಬರೆದು ಏನೋ ಕೊಟ್ಟ. ನಾವು ಅಕ್ಕ ಎಂದು ಕರೆದೇ ಕಿತ್ತುಕೊಳ್ಳುತ್ತೇವೆ.

ಇದು ಸತ್ತವರ ವಿಷಯ ಎಂದುಕೊಳ್ಳಬೇಡಿ. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ಪಟ್ಟಿ ಪ್ರಕಟವಾದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಆ ಪ್ರಕ್ರಿಯೆಯಲ್ಲಿ ಹೆಚ್ಚು ಒದ್ದಾಡಿದವರಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದ ಬಡ ಹೆಂಗಸರಿದ್ದರು. ಜನನ ಪತ್ರವಿಲ್ಲ, ಶಾಲೆಯ ದಾಖಲೆಯಿಲ್ಲ, ಮತದಾರರ ಪಟ್ಟಿಯಲ್ಲಿ ಗಂಡನ ಹೆಸರು ಮಾತ್ರ. ತಾನು ತನ್ನ ತಂದೆಯ ಮಗಳೇ ಎಂದು ಸಾಬೀತು ಮಾಡಲು ಅವರ ಬಳಿ ಉಳಿದದ್ದು ಪಂಚಾಯತಿಯ ಒಂದು ಚೀಟಿ. ಅದೂ ನಡೆಯುತ್ತದೋ ಇಲ್ಲವೋ ಎಂಬ ಪ್ರಶ್ನೆ 2017ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಾಖಲೆಯಲ್ಲಿ ಹೆಣ್ಣಿಗೆ ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೆ? ನಮ್ಮ ಹೆಣ್ಣುಮಕ್ಕಳ ಹೆಸರನ್ನು ನಾವೇ ಮುಚ್ಚಿಟ್ಟು, ನಾಳೆ ಸರಕಾರ ಕೇಳಿದಾಗ ಎದೆ ಬಡಿದುಕೊಂಡರೆ ಪ್ರಯೋಜನವಿಲ್ಲ.

ಹಾಗಾದರೆ ಗುರುಗುಂಟಾದ ಒಬ್ಬ ಅಜ್ಜಿಯ ಮೂಲವನ್ನು ಹುಡುಕುವುದು ಸಾಧ್ಯವೇ? ಸಾಧ್ಯವಿದೆ, ಕಷ್ಟವೂ ಇದೆ. ಗುರುಗುಂಟಾ ನಿಜಾಮನಿಗೆ ಕಪ್ಪ ಕೊಡುತ್ತಿದ್ದ ಸಣ್ಣ ಸಂಸ್ಥಾನ. ರಾಯಚೂರು ದೋಆಬ್ 1853ರಲ್ಲಿ ಇಂಗ್ಲಿಷರ ಕೈಗೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿತು. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆಯಾಗಿತ್ತು. ಹೀಗಾಗಿ ನಮ್ಮ ಕಾಗದಗಳು ಫಾರ್ಸಿಯಲ್ಲಿ, ಇಂಗ್ಲಿಷಿನಲ್ಲಿ, ಉರ್ದುವಿನಲ್ಲಿ ಚದುರಿವೆ. ಕೆಲವು ಲಂಡನ್ನಿನಲ್ಲಿ, ಹಲವು ಹೈದರಾಬಾದಿನ ದಾಖಲೆ ಭಂಡಾರದಲ್ಲಿ, ಉಳಿದವು ತಾಲೂಕು ಕಚೇರಿಗಳ ಕೋಣೆಗಳಲ್ಲಿ. ಉರ್ದು ಪಹಣಿ ಓದಬಲ್ಲವರು ಈಗ ಕಚೇರಿಗಳಲ್ಲಿ ವಿರಳ.

ಆದರೆ ಒಂದು ಕಾಗದ ನಮ್ಮ ಕೈಯಲ್ಲೇ ಇದೆ, ನಿಕಾಹ್‌ನಾಮಾ. ಅದರಲ್ಲಿ ವಧುವಿನ ಹೆಸರಿದೆ, ತಂದೆಯ ಹೆಸರಿದೆ, ಸಾಕ್ಷಿಗಳಿದ್ದಾರೆ, ಮಹರ್ ಎಷ್ಟೆಂದು ನಮೂದಾಗಿದೆ. ಹೆಣ್ಣು ಯಾರ ಕರುಣೆಯಿಂದಲೂ ಅಲ್ಲದೆ ತನ್ನ ಹಕ್ಕಿನಿಂದ ಕಾಣಿಸಿಕೊಳ್ಳುವ ದಾಖಲೆ ಅದು. ಫೈಝ್ ಬಕ್ಷಳ ಮದುವೆಗೆ ಕಂಪೆನಿಯ ಪುಸ್ತಕದಲ್ಲಿ ಸಿಗದ ಜಾಗವನ್ನು ನಮ್ಮೂರಿನ ಬಡ ಹೆಣ್ಣುಮಗಳಿಗೆ ಖಾಜಿಯ ದಫ್ತರ್ ಕೊಟ್ಟಿದೆ. ಅಂಥ ದಫ್ತರ್‌ಗಳು ಇಂದು ಗೆದ್ದಲಿಗೆ ಆಹಾರವಾಗುತ್ತಿವೆ. ಮಿನಾರಿಗೆ ಬಣ್ಣ ಬಳಿಯಲು ಚಂದಾ ಎತ್ತುವ ಜಮಾಅತ್‌ಗಳು ಹಳೆಯ ದಫ್ತರ್‌ಗಳ ನಕಲು ತೆಗೆಸಲು ಒಂದು ಸಾವಿರ ರೂಪಾಯಿ ತೆಗೆದಿಡಲಾರವೇ? ಉರ್ದು ಬಲ್ಲ ಹಿರಿಯರನ್ನು ಕೂರಿಸಿ ಕನ್ನಡಕ್ಕೆ ಬರೆಸಲಾರವೇ? ಸಾಲದ ವ್ಯವಹಾರವನ್ನು, ಸಣ್ಣದಿರಲಿ ದೊಡ್ಡದಿರಲಿ, ಬರೆದಿಡಿ ಎಂದು ಆಜ್ಞಾಪಿಸಿದ ಗ್ರಂಥದ ಅನುಯಾಯಿಗಳು ನಾವು. ತಾಯಂದಿರ ಋಣವನ್ನು ಬರೆದಿಡಲು ಯಾವ ಫತ್ವಾ ಬೇಕು?

ಈ ವಾರ ಮನೆಯ ಶಿಜರಾ ಹೊರತೆಗೆಯಿರಿ. ಪ್ರತಿ ಗಂಡಸಿನ ಹೆಸರಿನ ಪಕ್ಕದಲ್ಲಿ ಅವನ ತಾಯಿಯ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯ ಹೆಂಗಸರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ, ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಷ್ಟೆ. ಅಪ್ಪನ ಆಸ್ತಿಯಲ್ಲಿ ಅಕ್ಕತಂಗಿಯರ ಪಾಲು ಎಷ್ಟೆಂದು ಲೆಕ್ಕ ಹಾಕಿ ಅದರ ಕೆಳಗೇ ಬರೆಯಿರಿ. ಅದನ್ನು ಕೊಟ್ಟ ಮೇಲೆ ಫೈಝ್ ಬಕ್ಷಳಿಗೆ ಅನ್ಯಾಯವಾಯಿತೆಂದು ಮಾತಾಡುವ ಅಧಿಕಾರ ನಮಗೆ ಬರುತ್ತದೆ.