ಬಾಣಂತನಕ್ಕೆ ಬಂದೋರನ್ನ ಓಡಿಸ್ಬಾರ್ದು

ನಮ್ಮನೆ ಹಿತ್ತಲ ಹುಣಸೆಮರದಲ್ಲಿ ಮೂರು ವರ್ಷದಿಂದ ಬೆಳ್ಳಕ್ಕಿ ಗೂಡು ಕಟ್ತಾವೆ. ಮಳೆಗಾಲ ಬಂತು ಅಂದ್ರೆ ಸಾಕು, ಒಗೆದು ಒಣಗಾಕಿದ ಬಟ್ಟೆ ಮೇಲೆಲ್ಲ ಹಿಕ್ಕೆ, ಹಿತ್ತಲ ತುಂಬ ಮೀನಿನ ವಾಸ್ನೆ. ಈ ಸಲ ಪಕ್ಕದ ಮನೆಯವ್ರು "ಅಕ್ಕ, ಆ ಕೊಂಬೆ ಕಡಿಸ್ಬಿಡಿ" ಅಂದ್ರು. ನಮ್ಮನೆಯವ್ರೂ ಹೂಂ ಅಂದ್ರು. ನಾನು ಮಾತ್ರ ಮರಿ ಹಾರೋಗಂಟ ಬ್ಯಾಡ ಅಂತ ಕೂತಿದೀನಿ. ಯಾಕೆ ಅಂತ ಹೇಳ್ತೀನಿ ಕೇಳಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಿಮಗೆಲ್ಲ ಗೊತ್ತಿರ್ತದೆ. ಕೊಕ್ಕಿನ ಕೆಳಗೆ ಚೀಲ ಇರೋ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಎರಡೂ ಚಳಿಗಾಲದಲ್ಲಿ ಬಂದು ಊರೊಳಗಿನ ಮರದಲ್ಲೇ ಗೂಡು ಕಟ್ತಾವೆ. ಮರಿ ದೊಡ್ಡವಾದ ಮೇಲೆ ಮುಂಗಾರಿನ ಹೊತ್ತಿಗೆ ಹೋಗ್ತಾವೆ. ಊರೋರು ಅವನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳು ಅಂತಾರೆ. ಗೂಡಿಂದ ಬಿದ್ದ ಮರಿಗಳನ್ನ ಅಲ್ಲಿಯ ಹೆಜ್ಜಾರ್ಲೆ ಬಳಗದೋರು ಮೀನು ತಿನ್ನಿಸಿ ಸಾಕವ್ರೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಸರ್ಕಾರ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ದು 2007ರಲ್ಲಿ. ಊರೋರು ಕಾಪಾಡ್ತಿದ್ದಿದ್ದು ಅದಕ್ಕಿಂತ ಎಷ್ಟೋ ಮುಂಚಿಂದ.

ಆದ್ರೆ ಈ ಕತೆ ಹೇಳೋರು ಒಂದು ವಿಷಯ ಬಿಟ್ಬಿಡ್ತಾರೆ. ಗೂಡು ಕಟ್ಟಿದ ಮರದಲ್ಲಿ ಹುಣಸೆಹಣ್ಣು ಬಡಿಯಂಗಿಲ್ಲ. ಬಡವರ ಮನೆಗೆ ಅದು ಸಣ್ಣ ನಷ್ಟ ಅಲ್ಲ. ಅದಕ್ಕೇ ಅರಣ್ಯ ಇಲಾಖೆ ಮರದೋರಿಗೆ ಪರಿಹಾರ ಕೊಡೋ ಏರ್ಪಾಡು ಮಾಡ್ತು. ಪ್ರೀತಿ ಊರೋರದ್ದು, ನಷ್ಟ ಮಾತ್ರ ಎಲ್ಲರೂ ಹೊತ್ಕಂಡ್ರು. ಹಂಗಾಗೇ ಅಲ್ಲಿ ಮರ ಉಳೀತು ಅಂತ ನನ್ನ ಅನಿಸಿಕೆ.

ಅಸ್ಸಾಂನಲ್ಲಿ ಇದನ್ನ ಹೆಂಗಸ್ರೇ ಮಾಡಿ ತೋರ್ಸವ್ರೆ. ಅಲ್ಲಿ ಹರ್ಗಿಲಾ ಅಂತ ದೊಡ್ಡ ಕೊಕ್ಕರೆ. ಕೊಳೆತ ಮಾಂಸ ತಿನ್ನುತ್ತೆ, ಅಪಶಕುನ ಅಂತ ಜನ ಮರಾನೇ ಕಡಿಸ್ತಿದ್ರು. ಪೂರ್ಣಿಮಾ ದೇವಿ ಬರ್ಮನ್ ಅನ್ನೋ ವಿಜ್ಞಾನಿ ಹಳ್ಳಿ ಹೆಂಗಸ್ರನ್ನ ಸೇರಿಸಿ, ಆ ಹಕ್ಕಿಗೆ ನಮ್ಮ ಸೀಮಂತದ ಥರ ಶಾಸ್ತ್ರ ಮಾಡಿಸಿದ್ರು. ಹೆಂಗಸ್ರು ಮಗ್ಗದಲ್ಲಿ ಹರ್ಗಿಲಾ ಚಿತ್ರ ನೇಯ್ದು ನಾಕು ಕಾಸು ಸಂಪಾದ್ನೆ ಮಾಡ್ಕಂಡ್ರು. 2022ರಲ್ಲಿ ಅವರಿಗೆ ವಿಶ್ವಸಂಸ್ಥೆ ಪ್ರಶಸ್ತಿನೂ ಬಂತು. ಅಲ್ಲೂ ಅಷ್ಟೇ, ಬರೀ ಭಾಷಣ ಅಲ್ಲ, ಮನೆಗೂ ಒಂದಿಷ್ಟು ಅನುಕೂಲ ಆಯ್ತು.

ಹಂಗಂತ ಆಲೂರು, ಸಕಲೇಶಪುರದ ಕಡೆಯೋರಿಗೆ ಆನೆ ಕಾಟ ಸಹಿಸ್ಕಳಿ ಅನ್ನೋ ಬಾಯಿ ನನಗಿಲ್ಲ. ಅಲ್ಲಿ ಫಸಲಷ್ಟೇ ಅಲ್ಲ, ಜೀವಾನೇ ಹೋಗವೆ. ಕಾಡುಪ್ರಾಣಿ ಉಳೀಲಿ ಅಂತ ಪಟ್ಟಣದಲ್ಲಿ ಕೂತು ಹೇಳೋರು ಅವರ ಕಷ್ಟದಲ್ಲೂ ಪಾಲು ತಗಬೇಕು. ನನ್ನ ಹಿತ್ತಲಲ್ಲಿ ಹೋಗೋದು ಒಂದು ಸೀರೆಯ ಮಡಿ, ಅಷ್ಟೇ. ಅಷ್ಟೂ ತಡೀದಿದ್ರೆ ಬೇರೆಯೋರಿಗೆ ಬುದ್ಧಿ ಹೇಳೋಕೆ ನಾನ್ಯಾರು?

ಅದಕ್ಕೆ ಬಟ್ಟೆ ತಂತಿ ಮನೆ ಮುಂದಕ್ಕೆ ಕಟ್ಟಿಸ್ದೆ. ಪಕ್ಕದ ಮನೆಯವ್ರಿಗೂ "ನಿಮ್ಮ ಬಟ್ಟೆನೂ ಇಲ್ಲೇ ಹಾಕ್ರವ್ವ" ಅಂದಿದೀನಿ. ಮರದ ಬುಡ ಗುಡಿಸಿ ತೆಂಗಿನ ಪಾತಿಗೆ ಹಾಕ್ತಿದೀನಿ. ಮರಿಗಳು ಹಾರೋದ ಮೇಲೆ ಅವರ ಕಡೆ ಬಾಗಿರೋ ಕೊಂಬೆ ಒಂದನ್ನ ಸವರಿಸಣ, ಬುಡಕ್ಕೆ ಮಾತ್ರ ಕೊಡ್ಲಿ ಬ್ಯಾಡ ಅಂತ ಒಪ್ಪಂದ ಆಗದೆ. ನಮ್ಮನೆಯವ್ರು ಇನ್ನೂ ಗೊಣಗ್ತಾ ಅವ್ರೆ, ಗೊಣಗ್ಲಿ ಬಿಡಿ.