ಒಂದು ಮನೆ, ಮೂರು ಪಾತ್ರೆ

ನಾಟಿ ಭತ್ತ, ವಿಷಮುಕ್ತ ತರಕಾರಿ, ತವುಡು ಉಳಿದ ಅಕ್ಕಿ ಎಂದು ಊರೂರು ತಿರುಗಿ ಮಾತನಾಡುವವರ ಮನೆಯ ಅಡುಗೆಕೋಣೆ ಹೇಗಿರುತ್ತದೆ? ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಬೇಕಾದ ಸಂದರ್ಭ ಕಳೆದ ಮಳೆಗಾಲದಲ್ಲಿ ಒದಗಿತು.

ರಕ್ತದಲ್ಲಿ ಸಕ್ಕರೆಯ ಪ್ರಮಾಣ ಗಡಿ ಮುಟ್ಟಿದೆ ಎಂದು ವೈದ್ಯರು ಎಚ್ಚರಿಸಿದ ದಿನದಿಂದ ನಾನು ಪಾಲಿಶ್ ಮಾಡದ ಕೆಂಪಕ್ಕಿಯ ಅನ್ನಕ್ಕೆ ಬದಲಾಗಿದ್ದೆ. ಎಪ್ಪತ್ತೆಂಟರ ಅಮ್ಮನಿಗೆ ಅದನ್ನು ಜಗಿಯಲಾಗದು. ಮೆತ್ತಗಿನ ಬಿಳಿ ಅನ್ನವೇ ಆಗಬೇಕು. ಹಾಸ್ಟೆಲಿನಿಂದ ರಜೆಗೆ ಬಂದ ಮಗನಿಗೆ ಎರಡೂ ಬೇಡ, ನೂಡಲ್ಸ್ ಬೇಕು. ಒಂದು ಸಂಜೆ ಜಡಿಮಳೆಯಲ್ಲಿ ಹಸಿ ಕಟ್ಟಿಗೆಯನ್ನು ಊದುತ್ತ ಕುಳಿತಿದ್ದ ಮಡದಿ ತಲೆಯೆತ್ತದೆಯೇ ಅಂದಳು: “ಆರೋಗ್ಯವೇನೋ ನಿಮ್ಮದು. ಅದರ ಹೊಗೆ ಮಾತ್ರ ನನ್ನ ಕಣ್ಣಿಗೆ.”

ಉತ್ತರಿಸಲು ನನ್ನ ಬಳಿ ಮಾತಿರಲಿಲ್ಲ. ಸೊಪ್ಪಿನಬೆಟ್ಟ ಉಳಿಸಿ ಎಂದು ಬರೆಯುವವನ ಮನೆಯಲ್ಲಿ ಒಂದು ಹೊತ್ತಿನ ಊಟಕ್ಕೆ ಮೂರು ಪಾತ್ರೆಗಳು ಒಲೆಯೇರುತ್ತಿದ್ದವು.

ನಾನು ಹೇಳುತ್ತಿದ್ದ ವಿಜ್ಞಾನ ಸುಳ್ಳಲ್ಲ. ಅಕ್ಕಿಯನ್ನು ಹೆಚ್ಚು ಪಾಲಿಶ್ ಮಾಡಿದಷ್ಟೂ ತವುಡಿನೊಂದಿಗೆ ನಾರು ಮತ್ತು ಬಿ1 ಜೀವಸತ್ವ ಹೊರಟುಹೋಗುತ್ತವೆ. ಪಾಲಿಶ್ ಅಕ್ಕಿಯನ್ನೇ ತಿಂದ ಕೋಳಿಗಳಿಗೆ ಬೆರಿಬೆರಿಯಂತಹ ನರದೌರ್ಬಲ್ಯ ಬರುವುದನ್ನೂ, ತವುಡಿರುವ ಅಕ್ಕಿಯಿಂದ ಅವು ಚೇತರಿಸಿಕೊಳ್ಳುವುದನ್ನೂ ಜಾವಾ ದ್ವೀಪದಲ್ಲಿ 1890ರ ದಶಕದಲ್ಲಿ ಗಮನಿಸಿದ ಕ್ರಿಸ್ಟಿಯಾನ್ ಐಕ್ಮನ್‌ಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಇನ್ನೊಂದು ಸತ್ಯವನ್ನು ನಾನು ಮರೆತಿದ್ದೆ. ಕೆಂಪಕ್ಕಿಯಲ್ಲಿಯೂ ಬಹುಪಾಲು ಇರುವುದು ಪಿಷ್ಟವೇ. ತಟ್ಟೆಯ ತುಂಬ ಸುರಿದುಕೊಂಡರೆ ಅದೂ ಸಕ್ಕರೆಯನ್ನು ಏರಿಸುತ್ತದೆ. ನನಗೆ ಬೇಕಾಗಿದ್ದುದು ಬೇರೆ ಪಾತ್ರೆಯಲ್ಲ, ಅನ್ನಕ್ಕಿಂತ ಪಲ್ಯ ಹೆಚ್ಚಿರುವ ತಟ್ಟೆ.

ಆರೋಗ್ಯಕರ ಆಹಾರವೆಂಬುದು ಎಲ್ಲರಿಗೂ ಒಂದೇ ಅಳತೆಯದಲ್ಲ. ಹಲ್ಲಿಲ್ಲದ ಹಿರಿಯರಿಗೆ ಮೆತ್ತಗಿನ ಊಟ ಬೇಕು, ಬೆಳೆಯುವ ಮಕ್ಕಳಿಗೆ ಶಕ್ತಿ ಹೆಚ್ಚು ಬೇಕು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಪಥ್ಯ ನಿರ್ಧರಿಸಬೇಕು. ಇದಲ್ಲದೆ ಅನ್ನಕ್ಕೆ ನೆನಪುಗಳೂ ಅಂಟಿಕೊಂಡಿರುತ್ತವೆ. ಅಮ್ಮನ ಬಾಲ್ಯದಲ್ಲಿ ಬಿಳಿ ಅನ್ನ ಹಬ್ಬಕ್ಕೆ ಮತ್ತು ನೆಂಟರಿಗೆ ಮೀಸಲು. ಉಳಿದ ದಿನಗಳಲ್ಲಿ ದಪ್ಪಕ್ಕಿಯ ಗಂಜಿ. ನಾನು ಮರಳಿ ಪಡೆದ ಸಂಪತ್ತು ಎಂದು ಕೊಂಡಾಡುವುದು ಆಕೆಗೆ ದಾಟಿಬಂದ ಬಡತನ. ಇನ್ನು ಮಗ, ಊಟದ ನಡುವೆ ನಾನು ಕೊಟ್ಟ ಉಪನ್ಯಾಸಕ್ಕೆ ಒಂದು ದಿನ ಅರ್ಧ ತಟ್ಟೆ ಬಿಟ್ಟೆದ್ದ. ಆ ದಿನ ಕೆಂಪಕ್ಕಿ ಅವನ ಪಾಲಿಗೆ ಶಿಕ್ಷೆಯಾಯಿತು. ತಪ್ಪು ಅಕ್ಕಿಯದಲ್ಲ, ನನ್ನದು.

ಈಗ ನಮ್ಮಲ್ಲಿ ಅನ್ನಕ್ಕೆ ಒಂದೇ ಪಾತ್ರೆ. ಭತ್ತವನ್ನು ಒಂದೇ ಪಾಲಿಶ್ ಕೊಡಿಸಿ ತರುತ್ತೇವೆ. ಅಕ್ಕಿಯನ್ನು ಮೊದಲೇ ನೆನೆಸಿಟ್ಟರೆ ಬೇಗ ಬೇಯುತ್ತದೆ, ಕಟ್ಟಿಗೆಯೂ ಉಳಿಯುತ್ತದೆ. ನೆನೆಸುವ ಕೆಲಸ ನನ್ನದು. ಅದರಲ್ಲೇ ಅಮ್ಮನ ಪಾಲನ್ನು ತೆಗೆದು, ನೀರು ಸೇರಿಸಿ ಇನ್ನಷ್ಟು ಬೇಯಿಸಿ ಮಸೆದರೆ ಆಕೆಗೆ ಹಿತ. ಅನ್ನದ ವಿಷಯದಲ್ಲಿ ಒಪ್ಪದ ನಾವು ಬದಿಯ ಪದಾರ್ಥಗಳಲ್ಲಿ ಒಪ್ಪುತ್ತೇವೆ: ಒಂದೆಲಗದ ತಂಬುಳಿ, ಬಸಳೆಯ ಹುಳಿ, ಕೆಸುವಿನ ಪತ್ರೊಡೆ, ಹೆಸರುಕಾಳಿನ ಕೋಸಂಬರಿ. ಮನೆಯ ಪೋಷಣೆಯನ್ನು ಅಲ್ಲಿ ಹೆಚ್ಚಿಸುವುದು ಅನ್ನಕ್ಕಾಗಿ ಜಗಳವಾಡುವುದಕ್ಕಿಂತ ಸುಲಭ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ದೋಸೆಹಿಟ್ಟಿಗೆ ಅದನ್ನು ಬೆರೆಸಿದ್ದೇವೆಂದು ಹೇಳಿಯೇ ಬಡಿಸಿದೆವು, ಯಾರೂ ಬೇಡವೆನ್ನಲಿಲ್ಲ. ಮಗನಿಗೆ ವಾರಕ್ಕೊಮ್ಮೆ ನೂಡಲ್ಸ್ ಉಂಟು, ತಾನೇ ಮಾಡಿಕೊಳ್ಳಬೇಕು. ಹಿತ್ತಲಿನ ಬೀನ್ಸು, ಬಸಳೆ ಅದಕ್ಕೆ ಬೀಳುತ್ತಿರುವುದನ್ನು ಕಂಡೂ ನಾನು ಮಾತನಾಡಿಲ್ಲ.

ಇದು ಕೇವಲ ಒಂದು ಮನೆಯ ವಿಷಯವಲ್ಲ. ತವುಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಪಾಲಿಶ್ ಕಡಿಮೆಯಾದ ಅಕ್ಕಿ ಬೇಗ ಮುಗ್ಗುತ್ತದೆ. ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಮಾಡಿಸುವುದು ಲೇಸು. ಅದಕ್ಕೆ ಊರಿನ ಹತ್ತಿರವೇ ಸಣ್ಣ ಅಕ್ಕಿ ಗಿರಣಿ ಉಳಿಯಬೇಕು. ಎರಡು ಮೂಟೆ ಭತ್ತ ಒಯ್ದವನ ಮಾತನ್ನು ಗಿರಣಿಯವರು ಕೇಳದಿರಬಹುದು. ಇಪ್ಪತ್ತು ಮನೆಗಳು ಸೇರಿ ಕೇಳಿದರೆ ಒಂದೇ ಪಾಲಿಶ್ ಕೊಡಲು ಒಪ್ಪಿಯಾರು.

ಕಡೆಯದಾಗಿ ಚಳವಳಿಯ ಗೆಳೆಯರಲ್ಲಿ ಒಂದು ವಿನಂತಿ. ನಮ್ಮ ಸಭೆಗಳಲ್ಲಿ ಆಹಾರದ ಬಗ್ಗೆ ಮಾತನಾಡುವವರು ಬಹುತೇಕ ಗಂಡಸರು. ಆ ಹೊತ್ತಿನಲ್ಲಿ ಚಪ್ಪರದ ಹಿಂದೆ ಅಡುಗೆ ಮಾಡುತ್ತಿರುವವರು ಹೆಂಗಸರು. ಒಂದು ಆಹಾರಕ್ರಮ ಒಳ್ಳೆಯದೋ ಅಲ್ಲವೋ ಎಂದು ತೂಗುವಾಗ ಅದನ್ನು ಬೇಯಿಸುವವರ ಶ್ರಮವನ್ನೂ ತಕ್ಕಡಿಯಲ್ಲಿ ಇಡೋಣ. ವಿದ್ಯಾರ್ಥಿಗಳೇ, ನೀವೂ ರಜೆಗೆ ಮನೆಗೆ ಬಂದಾಗ ಏನು ಅಡುಗೆ ಎಂದು ಕೇಳುವ ಮೊದಲು ಏನು ಹೆಚ್ಚಿಕೊಡಲಿ ಎಂದು ಕೇಳಿ. ಮನೆಯವರೆಲ್ಲರೂ ಒಂದೇ ಊಟವನ್ನು ಮೆಚ್ಚಬೇಕಾಗಿಲ್ಲ, ಒಲೆಯ ಮುಂದಿನ ಕೆಲಸವನ್ನು ಎಲ್ಲರೂ ಹಂಚಿಕೊಂಡರೆ ಸಾಕು.